ಪುಟ್ಟಿಗೆ, ಕೆಲಸಕ್ಕೆ ಸೇರುವ ಮೊದಲು

ಭಾಗಮಂಡಲ

ಚಿ. ಪುಟ್ಟಿಗೆ ಮಾವನ ಆಶೀರ್ವಾದ.

ಶಿಕಾಗೋದ ಆನ್‌ಲೈನ್ ಜಾಹೀರಾತು ಕಂಪನಿಯಿಂದ ಬಂದ ನಿನ್ನ ಆಫರ್ ಲೆಟರನ್ನು ಅಕ್ಕ ವಾಟ್ಸಾಪಿನಲ್ಲಿ ಕಳಿಸಿದಳು. "ಮನೇಲೇ ಕೂತು ಸಂಬಳವಂತೆ, ಕಾಫಿ ಕೊಯ್ಲಿಗೂ ಕೈಗೆ ಸಿಗ್ತಾಳೆ ಬಿಡು" ಅಂತ ಖುಷಿಯಲ್ಲಿದ್ದಾಳೆ. ಮೊದಲು ಆ ಭ್ರಮೆ ಬಿಡಿಸು. ಇಂಥದೇ ಒಂದು ಜಾಹೀರಾತು ಕಂಪನಿಗೆ ಅಟ್ಟದ ಕೋಣೆಯಲ್ಲಿ ಕೂತು ಒಂಬತ್ತು ವರ್ಷ ದುಡಿದವನು ನಾನು. ಅಂಗಳದಲ್ಲಿ ಕಾಳುಮೆಣಸು ಒಣಗುವಾಗ ಹೂಮಳೆಯ ನಾಲ್ಕು ಹನಿ ಬಿದ್ದರೆ ಎಲ್ಲರೂ ಕೂಗುತ್ತಿದ್ದದ್ದು ನನ್ನನ್ನೇ. ಮನೆಯಲ್ಲೇ ಇದ್ದಾನಲ್ಲ!

ಲೆಟರಿನಲ್ಲಿ 'ಇಂಡಿಪೆಂಡೆಂಟ್ ಕಾಂಟ್ರಾಕ್ಟರ್' ಅಂತಿದೆ, ನೋಡಿದೆಯಾ? ಅಂದರೆ ನೀನು ಅವರ ನೌಕರಳಲ್ಲ, ಸ್ವತಂತ್ರ ಗುತ್ತಿಗೆಯವಳು; ಪಿಎಫ್ ಇಲ್ಲ, ಗ್ರಾಚ್ಯುಟಿ ಇಲ್ಲ. ಅಮೆರಿಕದವರು ನಿನ್ನ ಪರವಾಗಿ ಟಿಡಿಎಸ್, ಅಂದರೆ ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ, ಹಿಡಿಯುವುದಿಲ್ಲ. ವರ್ಷದ ತೆರಿಗೆ 10,000 ರೂಪಾಯಿ ದಾಟುವಂತಿದ್ದರೆ ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ 15ರೊಳಗೆ ಕಂತುಗಳಲ್ಲಿ ಅಡ್ವಾನ್ಸ್ ಟ್ಯಾಕ್ಸ್ (ಮುಂಗಡ ತೆರಿಗೆ) ನೀನೇ ಕಟ್ಟಬೇಕು. ಮೊದಲ ವರ್ಷ ನಾನು ಸುಮ್ಮನೆ ಬಡ್ಡಿ ತೆತ್ತೆ. ಕೆಲಸದಿಂದ ಬಿಡಿಸುವುದಾದರೆ ಎಷ್ಟು ದಿನದ ನೋಟಿಸ್ ಅಂತಲೂ ಕೇಳಿ ಬರೆಸಿಕೋ.

ಶಿಕಾಗೋಗೂ ನಮಗೂ ಬೇಸಿಗೆಯಲ್ಲಿ ಹತ್ತೂವರೆ ಗಂಟೆ ಅಂತರ. ನವೆಂಬರಿನಲ್ಲಿ ಅವರು ಗಡಿಯಾರ ಹಿಂದಿಟ್ಟ ಮೇಲೆ ಹನ್ನೊಂದೂವರೆ. ಅವರ ದೊಡ್ಡ ರಿಯಾಯಿತಿ ಮಾರಾಟದ ದಿನ ಬ್ಲ್ಯಾಕ್ ಫ್ರೈಡೇ ಬರುವುದೂ ಆ ತಿಂಗಳ ಕೊನೆಗೇ, ನಮ್ಮ ಸುಗ್ಗಿ ಹಬ್ಬ ಹುತ್ತರಿಯ ಆಸುಪಾಸು. ಒಂದು ವರ್ಷ ಮನೆಯವರೆಲ್ಲ ಕದಿರು ತೆಗೆಯಲು ಗದ್ದೆಗೆ ಇಳಿದಿದ್ದರು. 'ಪೊಲಿ ಪೊಲಿ ದೇವಾ' ಕೂಗು ಕಿಟಕಿಯಲ್ಲಿ ಕೇಳುತ್ತಿತ್ತು. ನಾನು ಯಾರದೋ ಶೂ ಜಾಹೀರಾತಿಗೆ ಬಿಡ್, ಅಂದರೆ ಹರಾಜಿನಲ್ಲಿ ಕೂಗುವ ಬೆಲೆ, ಏರಿಸುತ್ತಿದ್ದೆ. ಯಾವ ಶೂ ಅಂತ ಈಗ ನೆನಪೂ ಇಲ್ಲ. ಪಾಡಿ ಇಗ್ಗುತ್ತಪ್ಪನ ದೇವಸ್ಥಾನದಲ್ಲಿ ಹುತ್ತರಿಯ ಮುಹೂರ್ತ ನಿಶ್ಚಯವಾದ ದಿನವೇ ನೀನು ರಜೆಗೆ ಮೇಲ್ ಹಾಕಿಬಿಡು.

ಮೊದಲ ವಾರಗಳಲ್ಲಿ ಸರ್ಚ್ ಟರ್ಮ್ಸ್ ವರದಿ, ಅಂದರೆ ಜನ ಏನು ಹುಡುಕಿದಾಗ ನಮ್ಮ ಜಾಹೀರಾತು ಕಾಣಿಸಿತು ಅನ್ನುವ ಪಟ್ಟಿ, ಓದಲು ಕೂರಿಸುತ್ತಾರೆ. ಬೇಸರದ ಕೆಲಸ, ಆದರೆ ತಪ್ಪಿಸಬೇಡ. ಮಡಿಕೇರಿ ಕಡೆಯ ಒಂದು ಹೋಂಸ್ಟೇಯ ಜಾಹೀರಾತು ಖಾತೆಯನ್ನು ಪರಿಚಯದ ಮೇಲೆ ನೋಡಿಕೊಡುತ್ತಿದ್ದೆ. ಕ್ಲಿಕ್ ಬೇಕಾದಷ್ಟು, ರೂಮು ಮಾತ್ರ ಒಂದೂ ಹೋಗುತ್ತಿರಲಿಲ್ಲ. ವರದಿ ತೆಗೆದರೆ ಬಹಳ ಜನ ಹುಡುಕಿದ್ದು 'ಕೂರ್ಗ್ ಹೋಂಸ್ಟೇ ಅಡುಗೆ ಕೆಲಸ'! ಪಾಪ, ಕೆಲಸ ಹುಡುಕುವವರು ಒತ್ತಿದ ಒಂದೊಂದು ಕ್ಲಿಕ್ಕಿಗೂ ಮಾಲೀಕ ದುಡ್ಡು ಕಟ್ಟುತ್ತಿದ್ದ. 'ಕೆಲಸ', 'ಸಂಬಳ' ಎರಡನ್ನೂ ನೆಗೆಟಿವ್ ಪಟ್ಟಿಗೆ (ಈ ಪದಗಳಿದ್ದರೆ ಜಾಹೀರಾತು ತೋರಿಸಬೇಡ ಅನ್ನುವ ಪಟ್ಟಿ) ಸೇರಿಸಿದೆ, ಸೋರಿಕೆ ನಿಂತಿತು.

ಈಗ ನಿಮ್ಮಮ್ಮನಿಗೂ ಹೇಳದ ಒಂದು ವಿಷಯ. ಆಟಿ ಮಳೆ ಹೊಯ್ಯುತ್ತಿತ್ತು. ಶಿಕಾಗೋದ ಒಬ್ಬ ಗ್ರಾಹಕನ ಗೂಗಲ್ ಜಾಹೀರಾತಿಗೆ ದಿನದ ಬಜೆಟ್ 500 ಡಾಲರ್ ಹಾಕುವಲ್ಲಿ 5000 ಒತ್ತಿ ಸೇವ್ ಮಾಡಿದ್ದೆ. ಅಷ್ಟರಲ್ಲಿ ಸಿಲ್ವರ್ ಮರ ಲೈನಿನ ಮೇಲೆ ಬಿದ್ದು ಕರೆಂಟ್ ಹೋಯಿತು, ರಾತ್ರಿಯೊಳಗೆ ಟವರೂ ಸತ್ತಿತು. ಗೂಗಲ್ಲಿನ ಲೆಕ್ಕ ನಿನಗೆ ಗೊತ್ತಿರಲಿ: ತಿಂಗಳ ಖರ್ಚು ದಿನದ ಬಜೆಟ್ಟಿನ 30.4 ಪಟ್ಟು ಮೀರದಂತೆ ನೋಡಿಕೊಂಡು, ಯಾವುದೇ ಒಂದು ದಿನ ಅದು ಆ ಬಜೆಟ್ಟಿನ ಎರಡರಷ್ಟರವರೆಗೂ ಎಳೆಯಬಹುದು. ಮಾರನೇ ದಿನ ಜೀಪಿನಲ್ಲಿ ಸಿಗ್ನಲ್ ಸಿಗುವ ತಿರುವಿಗೆ ಹೋಗಿ ಫೋನ್ ತೆರೆದಾಗ ಕೈ ನಡುಗಿತು. ಬಜೆಟ್ ಇಳಿಸಿದೆ. ಆದರೆ ಯಾರಿಗೂ ಹೇಳಲಿಲ್ಲ. ಹೇಗೆ ಹೇಳಲಿ ಅಂತ ಮಾತು ಜೋಡಿಸುತ್ತ ಜೀಪಿನಲ್ಲೇ ಕೂತೆ. ಸಂಜೆಗೆ ಶಿಕಾಗೋದಲ್ಲಿ ಬೆಳಗಾಯಿತು, ಗ್ರಾಹಕನೇ ನೋಡಿಬಿಟ್ಟ.

ಮ್ಯಾನೇಜರ್ ಆ ಒಂದು ಸೊನ್ನೆಯ ಬಗ್ಗೆ ಹೆಚ್ಚು ಮಾತಾಡಲಿಲ್ಲ. ಬಜೆಟ್ ಇಳಿಸಿದ ಮೇಲೂ ಆರು ಗಂಟೆ ಯಾಕೆ ಸುಮ್ಮನಿದ್ದೆ ಅಂತ ಕೇಳಿದ. ಅದಕ್ಕೆ ನನ್ನ ಬಳಿ ಉತ್ತರ ಇರಲಿಲ್ಲ. ಪಕ್ಕದ ಮೇಜಿನಲ್ಲಿ ಕೂತಿದ್ದರೆ ನನ್ನ ಮುಖ ನೋಡಿಯೇ ಏನೋ ಎಡವಟ್ಟಾಗಿದೆ ಅಂತ ತಿಳಿಯುತ್ತಿತ್ತು. ಅಷ್ಟು ದೂರದವನಿಗೆ ನಾನು ಬಚ್ಚಿಟ್ಟಂತೆ ಕಂಡಿತು. ಆಮೇಲಿಂದ ಲ್ಯಾಪ್‌ಟಾಪ್ ಮುಚ್ಚುವ ಮೊದಲು ದಿನವೂ ಮೂರು ಸಾಲು ಬರೆದು ಗುಂಪಿಗೆ ಹಾಕುತ್ತಿದ್ದೆ: ಏನು ಬದಲಿಸಿದೆ, ಏಕೆ, ಎಷ್ಟರಿಂದ ಎಷ್ಟಕ್ಕೆ. ನನ್ನ ಕಡೆ ಕರೆಂಟ್ ಹೋದರೂ ಇನ್ನೊಬ್ಬರು ಓದಿ ತಿದ್ದಲಿ ಅಂತ. ನೀನು ಮೊದಲ ದಿನದಿಂದಲೇ ಹಾಗೆ ಬರಿ, ತಪ್ಪಾಗಿದ್ದರೆ ಅದನ್ನು ಮೊದಲ ಸಾಲಿಗೇ ಹಾಕು.

ನನ್ನ ಹಳೇ ಇನ್ವರ್ಟರ್ ಅಟ್ಟದಲ್ಲೇ ಇದೆ. ಬ್ಯಾಟರಿಗೆ ನೀರು ಹಾಕಿ ಚಾರ್ಜಿಗಿಟ್ಟಿದ್ದೇನೆ, ಭಾನುವಾರ ಜೀಪಿನಲ್ಲಿ ಸುಂಟಿಕೊಪ್ಪಕ್ಕೆ ತಂದುಕೊಡುತ್ತೇನೆ. ಇಟ್ಟುಕೊಳ್ಳಲು ಒದ್ದೆಯಾಗದ ಒಂದು ಮೂಲೆ ನೋಡಿಟ್ಟಿರು.

ಇಂತಿ
ನಿನ್ನ ಮಾವ