ಮೇಡಂಗೆ, ಮತ್ತು ನಮ್ಮ ಕೋರ್ಟಿನಲ್ಲಿ ನಿಂತ ಎಲ್ಲರಿಗೂ

ನಮ್ಮ ಸಿನಿಮಾ ತೆರೆಗೆ ಬಂದು ತಿಂಗಳಾಯಿತು. ಒಂದು ಕೊಲೆ ಕೇಸು, ಒಂದು ಸೆಷನ್ಸ್ ಕೋರ್ಟು, ಅಷ್ಟೇ ಕಥೆ. ಹಾಡಿಲ್ಲ, ಹೊಡೆದಾಟವಿಲ್ಲ. ಆದರೂ ಜನ ಬಂದರು, ಕೊನೆಯವರೆಗೂ ಕೂತರು. ಥ್ಯಾಂಕ್ಸ್ ಹೇಳಲೇಬೇಕು ಅಂತ ಇದನ್ನು ಬರೆಯುತ್ತಿದ್ದೇನೆ.

ದಿನವಿಡೀ ಕಟಕಟೆಯಲ್ಲಿ ನಿಂತ ಆರೋಪಿ ಪಾತ್ರಧಾರಿ, ಒಂದೇ ಕೋಣೆಯಲ್ಲಿ ಬೆಳಗು ಸಂಜೆ ಎರಡನ್ನೂ ತೋರಿಸಿದ ಕ್ಯಾಮೆರಾಮನ್, ಫ್ಯಾನಿನ ಸದ್ದನ್ನೂ ಟೈಪ್ ಮಾಡುವ ಸದ್ದನ್ನೂ ಬಿಡದೆ ಹಿಡಿದ ಸೌಂಡ್ ಹುಡುಗರು, ಎಡಿಟರ್, ಸೆಟ್ ಕಟ್ಟಿದವರು, ಸಂಬಳ ತಡವಾದಾಗಲೂ ಜೊತೆಗಿದ್ದ ಸಹಾಯಕ ನಿರ್ದೇಶಕರು, ನಿಮ್ಮೆಲ್ಲರ ಋಣ ನನ್ನ ಮೇಲಿದೆ.

ಇನ್ನು ಮೇಡಂ.

ಅವರ ಹೆಸರು ಬರೆಯಬೇಡ ಅಂದಿದ್ದಾರೆ. ಟೈಟಲ್ ಕಾರ್ಡಿನಲ್ಲೂ ಬೇಡ ಅಂದರು. ಬಹಳ ವರ್ಷಗಳಿಂದ ಕ್ರಿಮಿನಲ್ ಕೇಸು ನಡೆಸುತ್ತಿರುವ ವಕೀಲರು. ಸ್ಕ್ರಿಪ್ಟ್ ಒಮ್ಮೆ ನೋಡಿ ಅಂತ ಕೊಟ್ಟೆ. ಅವರು ಒಂದೊಂದು ಸಾಲನ್ನೂ ಓದಿದರು. ಜಡ್ಜ್ ಕೈಯಲ್ಲಿ ಮರದ ಸುತ್ತಿಗೆ ಬೇಡ, ನಮ್ಮ ಕೋರ್ಟುಗಳಲ್ಲಿ ಅದು ಇಲ್ಲವೇ ಇಲ್ಲ ಅಂದರು. ಸಾಕ್ಷಿ ಹೇಳಿದ್ದನ್ನು ಜಡ್ಜ್ ನಿಧಾನವಾಗಿ ಹೇಳಿ ಬರೆಸುತ್ತಾರಲ್ವಾ, ಆ ನಿಧಾನ ಹಾಗೇ ಇರಲಿ ಅಂದರು. ಪಾಟೀಸವಾಲಿನ ದೃಶ್ಯದಲ್ಲಿ ಜನ ಅಲುಗಾಡದೆ ಕೂರುವುದು ಆ ನಿಧಾನದಿಂದಲೇ. 2024ರ ಜುಲೈ 1ರಿಂದ ಹೊಸ ಕಾನೂನು ಬಂದು, ಕೊಲೆಗೆ ಈಗ ಭಾರತೀಯ ನ್ಯಾಯ ಸಂಹಿತೆಯ 103ನೇ ಸೆಕ್ಷನ್. ನಮ್ಮ ಕಥೆ ಅದಕ್ಕೂ ಹಿಂದಿನದು, ಹಾಗಾಗಿ ಹಳೇ ಐಪಿಸಿಯ 302 ಅಂತಲೇ ಇರಬೇಕು ಅಂತ ಪುಟಪುಟಕ್ಕೂ ಗುರುತು ಹಾಕಿಕೊಟ್ಟರು.

ಇಷ್ಟಕ್ಕೇ ಆಗಿದ್ದರೆ ಒಂದು ಸಾಲಿನಲ್ಲಿ ಮುಗಿಸಬಹುದಿತ್ತು. ನಾನು ಹೇಳಬೇಕಾದ್ದು ಒಂದು ರಾತ್ರಿಯ ವಿಷಯ. ಸಿನಿಮಾ ನೋಡದವರು ಮುಂದಿನದನ್ನು ಆಮೇಲೆ ಓದಿ.

ಆ ವಾರ ನಮ್ಮ ಮನೆಯಲ್ಲಿ ಏನಾಯಿತು ಅಂತ ನಿಮಗೆಲ್ಲ ಗೊತ್ತು. ಅದೆಲ್ಲ ಮುಗಿದ ಮಾರನೇ ದಿನ ಸೆಟ್ಟಿಗೆ ಬಂದೆ. ಒಂದೇ ದಿನದ ಶೂಟಿಂಗ್ ಬಾಕಿ, ಆಮೇಲೆ ಸೆಟ್ ಕೆಡವುತ್ತಾರೆ. ಕೊನೆಯ ದೃಶ್ಯ ಇನ್ನೂ ಬರೆದಿರಲಿಲ್ಲ. ಆರೋಪಿ ತಾನೇ ಕೊಂದೆ ಅಂತ ತನ್ನ ವಕೀಲೆಗೆ ಹೇಳಿಬಿಟ್ಟಿದ್ದಾನೆ. ಇತ್ತ ಪೊಲೀಸರ ಮಹಜರಿಗೆ ಸಾಕ್ಷಿಯಾಗಿ ಸಹಿ ಹಾಕಿದ ಪಂಚರು ಉಲ್ಟಾ ಹೊಡೆದಿದ್ದಾರೆ, ಅವನು ಬಿಡುಗಡೆ ಆಗುವುದು ಖಚಿತ. ಅವಳು ಏನು ಮಾಡಬೇಕು? ಆವತ್ತು ನನಗೆ ಉತ್ತರವೇ ಬೇಕಿರಲಿಲ್ಲ. ಹೋದವರು ವಾಪಸ್ ಬರುವುದಿಲ್ಲ, ಯಾರಿಗೆ ಶಿಕ್ಷೆಯಾದರೆ ಏನು, ಬಿಟ್ಟರೆ ಏನು ಅನ್ನಿಸುತ್ತಿತ್ತು. ಕಟಕಟೆ ಹತ್ತಿರ ನೆಲದ ಮೇಲೆ ಕೂತು ಜೋರಾಗಿ ಅತ್ತೆ.

ಯಾರು ಫೋನ್ ಮಾಡಿದ್ದರೋ, ಮೇಡಂ ಬಂದರು. ಸಮಾಧಾನದ ಮಾತಾಡಲಿಲ್ಲ. ಸುಮ್ನೆ ಪಕ್ಕದಲ್ಲಿ ಕೂತರು. ತುಂಬ ಹೊತ್ತಾದ ಮೇಲೆ ನಾನೇ ಕೇಳಿದೆ, "ಮೇಡಂ, ನಾನೇ ಮಾಡಿದ್ದು ಅಂತ ನಿಮ್ಮ ಹತ್ರ ಯಾರಾದ್ರೂ ಹೇಳಿದ್ದಾರಾ?"

"ಅದನ್ನ ನಾನು ಹೇಳೋ ಹಾಗಿಲ್ಲಮ್ಮ."

ಕಕ್ಷಿದಾರ ನಂಬಿ ಹೇಳಿದ್ದನ್ನು ವಕೀಲರು ಹೊರಗೆ ಹೇಳಬಾರದು. ಕೇಸು ಮುಗಿದರೂ ಆ ಕಟ್ಟು ಬಿಡುವುದಿಲ್ಲ. ಹಳೇ ಸಾಕ್ಷ್ಯ ಕಾಯ್ದೆಯ 126ನೇ ಸೆಕ್ಷನ್‌ನಲ್ಲಿ ಇದನ್ನು ನಾನು ಓದಿದ್ದೆ. ಅದನ್ನು ಹೊತ್ತು ಬದುಕುವವರ ಮುಖ ನೋಡಿದ್ದು ಅವತ್ತೇ.

ಆಮೇಲೆ ಅವರು ಇಷ್ಟು ಹೇಳಿದರು. ಒಮ್ಮೆ ಅವರ ಕಕ್ಷಿದಾರನಿಗೆ ಸಂಶಯದ ಲಾಭ ಸಿಕ್ಕಿ ಬಿಡುಗಡೆಯಾಯಿತು. ವರಾಂಡದಲ್ಲಿ ಸತ್ತವನ ತಾಯಿ ಬಂದು ಕೈ ಹಿಡಿದುಕೊಂಡರು. "ಅವನು ಮಾಡಿಲ್ಲ ಅಂತ ನೀವೊಂದು ಮಾತು ಹೇಳಿ, ನಂಬ್ತೀನಿ" ಅಂದರು. ಮೇಡಂ ಏನೂ ಹೇಳಲಿಲ್ಲ.

"ಅವನು ಮಾಡಿರಲಿ, ಮಾಡದೇ ಇರಲಿ, ನಾನು ಬಾಯಿ ಬಿಡೋ ಹಾಗಿಲ್ಲ. ಒಬ್ಬರ ವಿಷಯದಲ್ಲಿ 'ಇಲ್ಲ' ಅಂದ್ರೆ, ಇನ್ನೊಬ್ಬರ ವಿಷಯದಲ್ಲಿ ಸುಮ್ಮನಿದ್ದಾಗ ಅದೇ 'ಹೌದು' ಆಗಿಬಿಡುತ್ತೆ."

"ಆಮೇಲೆ ಏನ್ ಮಾಡಿದ್ರಿ?"

"ಮಧ್ಯಾಹ್ನ ಇನ್ನೊಂದು ಕೇಸಿತ್ತು. ಹೋದೆ."

ಆ ತಾಯಿಯ ಗುರುತು ಸಿಗದ ಹಾಗೆ ಬರಿ ಅಂದರು. ಸಿನಿಮಾದಲ್ಲೂ ಇಲ್ಲೂ ವಿವರ ಬದಲಿಸಿದ್ದೇನೆ. ಬೆಳಗಾಗುವವರೆಗೂ ನಾನು ಬರೆದೆ, ಅವರು ಎಚ್ಚರವಾಗಿದ್ದು ಒಂದೊಂದೇ ಹಾಳೆ ತೆಗೆದುಕೊಂಡು ಓದಿದರು. ಶಿಕ್ಷೆಯಾದರೆ ಏನು, ಬಿಟ್ಟರೆ ಏನು ಅಂತ ಕೂತಿದ್ದವಳಿಗೆ ಆ ತಾಯಿ ಕೇಳಿದ್ದು ಬಿಟ್ಟು ಬೇರೇನೂ ಕಾಣದೆ ಹೋಯಿತು. ಸಿನಿಮಾ ನಿಂತಿರುವುದೇ ಆ ಕೊನೆಯ ದೃಶ್ಯದ ಮೇಲೆ. ತಾಯಿಯ ಪಾತ್ರ ಮಾಡಿದ ಅಕ್ಕ, ಅಷ್ಟು ಕಡಿಮೆ ಹೊತ್ತಿನಲ್ಲಿ ಅದನ್ನು ನಿಮ್ಮದು ಮಾಡಿಕೊಂಡಿರಿ.

ವಕೀಲೆ ಮಾಡಿದ್ದು ಸರಿನಾ ಅಂತ ದಿನಾ ಮೆಸೇಜ್ ಬರುತ್ತಿವೆ, ಕೆಲವು ಕೋಪದಲ್ಲಿ. ಬರೆದ ಎಲ್ಲರಿಗೂ ಥ್ಯಾಂಕ್ಸ್. ಅವಳು ಮಾಡಿದ್ದು ಸರಿ ಅಂತ ನಾನು ನಂಬುತ್ತೇನೆ. ಆ ತಾಯಿಗೆ ಆದದ್ದು ಅನ್ಯಾಯ ಅಂತಲೂ ಅಷ್ಟೇ ನಂಬುತ್ತೇನೆ. ಎರಡರಲ್ಲಿ ಒಂದನ್ನು ಬಿಡೋಕೆ ನನ್ನಿಂದ ಆಗಿಲ್ಲ.

ಮೇಡಂ, ನೀವಿನ್ನೂ ಸಿನಿಮಾ ನೋಡಿಲ್ಲ. ಕೇಳಿದಾಗಲೆಲ್ಲ ವಾದ ಇದೆ, ಫೈಲು ಓದಬೇಕು ಅಂತೀರಿ. ಭಾನುವಾರ ಕೋರ್ಟಿಗೆ ರಜೆ. ಟಿಕೆಟ್ ತೆಗೆದಿಟ್ಟಿದ್ದೇನೆ, ಮನೆಗೇ ಬಂದು ಕರೆದುಕೊಂಡು ಹೋಗುತ್ತೇನೆ.