ಒಂಬತ್ತನೇ ತರಗತಿಯಲ್ಲಿ ಹಾಡಿನ ವಿಡಿಯೋ ಪಾಠ: ಪಾಲಕ ಪೋಷಕರಿಗೆ ಪತ್ರ

ಮಾನ್ಯ ಪಾಲಕ ಪೋಷಕರಿಗೆ ನಮಸ್ಕಾರಗಳು.

ಕಳೆದ ವಾರ ಇಬ್ಬರು ಪಾಲಕರು ನನ್ನ ಕೊಠಡಿಗೆ ಬಂದು, “ಸಾಲ್ಯಾಗ ಹುಡುಗ್ರಿಗೆ ಡಿಜೆ ಸಾಂಗ್ ಹಚ್ಚಿ ತೋರಸ್ತಾರಂತಲ್ಲರೀ, ಖರೇನ?” ಎಂದು ಕೇಳಿದರು. ಖರೆ. ಒಂಬತ್ತನೇ ತರಗತಿಯ ಮಕ್ಕಳಿಗೆ ನಮ್ಮ ಕನ್ನಡ ಶಿಕ್ಷಕಿಯವರು ಎರಡು ವಾರಗಳಿಂದ ಹಾಡಿನ ವಿಡಿಯೋಗಳನ್ನು ಪರದೆಯ ಮೇಲೆ ತೋರಿಸಿ ಪಾಠ ಮಾಡುತ್ತಿದ್ದಾರೆ. ಅದಕ್ಕೆ ಒಪ್ಪಿಗೆ ಕೊಟ್ಟವನು ನಾನೇ. ನಿಮಗೆ ಮೊದಲೇ ತಿಳಿಸಬೇಕಿತ್ತು, ತಿಳಿಸದಿದ್ದದ್ದು ನನ್ನ ತಪ್ಪು. ಆ ತರಗತಿಗಳಲ್ಲಿ ಏನು ನಡೆಯುತ್ತದೆ ಎಂಬುದನ್ನು ಈಗಲಾದರೂ ಸರಿಯಾಗಿ ಹೇಳುವುದು ನನ್ನ ಕರ್ತವ್ಯವೆಂದು ಈ ಪತ್ರ ಬರೆಯುತ್ತಿದ್ದೇನೆ.

ಪಾಠ ಆರಂಭವಾದದ್ದು ದೊಡ್ಡಾಟದಿಂದ. ನಮ್ಮ ಊರುಗಳಲ್ಲಿ ಆಟ ಕಟ್ಟಿದಾಗ ಮೊದಲು ಗಣಪತಿ ಪೂಜೆಯಾಗಬೇಕು, ಪಾತ್ರ ರಂಗಕ್ಕೆ ಬಂದೊಡನೆ ಸಾರಥಿ ಅವನನ್ನು ಯಾರು, ಎತ್ತ ಎಂದು ವಿಚಾರಿಸಬೇಕು, ರಾಕ್ಷಸನ ಪ್ರವೇಶವೆಂದರೆ ಅಬ್ಬರವಿರಬೇಕು. ಇದನ್ನು ನಿಮಗೆ ಯಾರೂ ಪುಸ್ತಕ ಹಿಡಿದು ಕಲಿಸಿಲ್ಲ, ಆದರೂ ಸಾರಥಿ ಇಲ್ಲದೆ ಆಟ ಶುರುವಾದರೆ ಏನೋ ತಪ್ಪಿದೆ ಎಂದು ನಿಮಗೆ ತಕ್ಷಣ ತಿಳಿಯುತ್ತದೆ. ತೊಗಲು ಗೊಂಬೆಯಾಟದಲ್ಲಿಯೂ ಹೀಗೆಯೇ: ರಾಜರ, ದೇವರ ಗೊಂಬೆಗಳು ದೊಡ್ಡವು, ಸೇವಕರ ಗೊಂಬೆಗಳು ಚಿಕ್ಕವು, ಪರದೆಯ ಮೇಲೆ ನೆರಳು ಬಿದ್ದ ಕೂಡಲೇ ಯಾರ ಅಂತಸ್ತು ಏನೆಂದು ಗೊತ್ತಾಗುತ್ತದೆ. ನಮ್ಮದೇ ಜಿಲ್ಲೆಯ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಘೋಷಣೆಯಾದಾಗ ಮಕ್ಕಳೆಲ್ಲ ಚಪ್ಪಾಳೆ ತಟ್ಟಿದ್ದರು. ಆ ಕಲೆಯ ಒಳಗಿನ ಲೆಕ್ಕಾಚಾರ ಇದು ಎಂದು ಅವರಿಗೆ ಈ ಪಾಠದಲ್ಲಿ ತಿಳಿಯಿತು. ಪ್ರತಿಯೊಂದು ಪ್ರಕಾರಕ್ಕೂ ನೋಡುವವರು ಮೊದಲೇ ಒಪ್ಪಿಕೊಂಡ ಕೆಲವು ರೂಢಿಗಳಿರುತ್ತವೆ, ಮೊಬೈಲಿನಲ್ಲಿ ಬರುವ ಹಾಡಿಗೂ ಇರುತ್ತವೆ ಎಂಬುದೇ ಮೊದಲ ದಿನದ ಪಾಠ.

ಎರಡನೆಯ ದಿನ ಮೈಕೆಲ್ ಜಾಕ್ಸನ್ನನ ‘ಥ್ರಿಲ್ಲರ್’ ವಿಡಿಯೋದ ಕೆಲವು ಭಾಗಗಳನ್ನು ತೋರಿಸಲಾಯಿತು. ಜಾನ್ ಲ್ಯಾಂಡಿಸ್ ನಿರ್ದೇಶನದಲ್ಲಿ 1983ರಲ್ಲಿ ಬಂದ, ಸುಮಾರು 14 ನಿಮಿಷಗಳ ಈ ವಿಡಿಯೋವನ್ನು 2009ರಲ್ಲಿ ಅಮೆರಿಕದ ರಾಷ್ಟ್ರೀಯ ಚಲನಚಿತ್ರ ಪಟ್ಟಿಗೆ ಸೇರಿಸಿದ್ದಾರೆ. ಕಾಡಿನ ರಸ್ತೆಯಲ್ಲಿ ಪೆಟ್ರೋಲ್ ಮುಗಿದು ನಿಂತ ಕಾರು, ಹುಣ್ಣಿಮೆ, ಮೃಗವಾಗುವ ಹುಡುಗ, ಸ್ಮಶಾನದಿಂದ ಏಳುವ ಹೆಣಗಳು: ಇವೆಲ್ಲ ದೆವ್ವದ ಸಿನಿಮಾಗಳಿಂದ ಎರವಲು ತಂದ ರೂಢಿಗಳು. ಆದರೆ ಮೊದಲ ಭಾಗ ಮುಗಿಯುತ್ತಿದ್ದಂತೆ, ನಾವು ನೋಡಿದ್ದು ಹುಡುಗ ಹುಡುಗಿಯ ಜೋಡಿಯೊಂದು ಥಿಯೇಟರಿನಲ್ಲಿ ಕುಳಿತು ನೋಡುತ್ತಿದ್ದ ಸಿನಿಮಾ ಎಂದು ತಿಳಿಯುತ್ತದೆ. ರೂಢಿಯನ್ನು ಪೂರ್ತಿ ಪಾಲಿಸಿ, ಆಮೇಲೆ ಅದನ್ನೇ ಆಟವಾಡಿಸುವ ಜಾಣ್ಮೆ ಅದು. ದೆವ್ವದ ವಿಷಯ ಮಕ್ಕಳಿಗೇಕೆ ಎನ್ನುವವರಿಗೆ ಒಂದು ಮಾತು: ತಾನು ಇಂಥವುಗಳ ಮೇಲಿನ ನಂಬಿಕೆಯನ್ನು ಸಮರ್ಥಿಸುವುದಿಲ್ಲ ಎಂಬ ಹೇಳಿಕೆಯನ್ನು ಜಾಕ್ಸನ್ ಸ್ವತಃ ವಿಡಿಯೋದ ಆರಂಭದಲ್ಲಿಯೇ ಹಾಕಿಸಿದ್ದಾನೆ.

ಮೂರನೆಯ ದಿನದ್ದೇ ನೀವು ಕೇಳಿದ ‘ಡಿಜೆ ಸಾಂಗ್’. ನಮ್ಮ ಭಾಗದ ಹುಡುಗರೇ ಮಾಡಿದ ಜಾನಪದ ಶೈಲಿಯ ಲವ್ ಫೇಲ್ಯೂರ್ ಹಾಡು ಅದು, ಹೆಸರು ಬೇಡ. ಬಿಳಿ ಅಂಗಿ, ಕಪ್ಪು ಕನ್ನಡಕದ ನಾಯಕ ಭತ್ತದ ಗದ್ದೆಯಲ್ಲಿ ಹೊಸ ಟ್ರ್ಯಾಕ್ಟರಿನ ಬಾನೆಟ್ ಮೇಲೆ ಕುಳಿತು ಹಾಡುತ್ತಾನೆ, ನಾಯಕಿಗೆ ಬೇರೆ ಕಡೆ ಮದುವೆಯಾಗುತ್ತದೆ, ಕೊನೆಗೆ ಅವನು ಲಗ್ನಪತ್ರಿಕೆಯನ್ನು ಕಾಲುವೆಯ ನೀರಿಗೆ ಬಿಡುತ್ತಾನೆ. ಶಿಕ್ಷಕಿಯವರು ಧ್ವನಿ ಬಂದ್ ಮಾಡಿ ಇದನ್ನು ಎರಡು ಸಲ ತೋರಿಸಿದರು. ಮೊದಲು ಕೈ ಎತ್ತಿದವನು ಟ್ರ್ಯಾಕ್ಟರ್ ಚಾಲಕರೊಬ್ಬರ ಮಗ. “ಗದ್ದ್ಯಾಗ ನಿಂತೈತಿ, ಗಾಲಿಗೆ ಒಂದ್ ಹನಿ ಕೆಸರಿಲ್ಲರೀ. ಕೇಜ್ ವ್ಹೀಲ್ ಸೈತ ಹಾಕಿಲ್ಲ” ಎಂದ. ಕೇಜ್ ವ್ಹೀಲ್ ಎಂದರೆ ಕೆಸರುಗದ್ದೆಗೆ ಇಳಿಸುವಾಗ ಹಾಕುವ ಕಬ್ಬಿಣದ ಗಾಲಿ. ತರಗತಿ ನಕ್ಕಿತು. ಆದರೆ ಮುಂದಿನ ಅರ್ಧ ತಾಸು ಆ ಕೆಸರಿಲ್ಲದ ಗಾಲಿಯ ಮೇಲೆಯೇ ಚರ್ಚೆ ನಡೆಯಿತು. ದುಡಿಯುವ ಟ್ರ್ಯಾಕ್ಟರ್ ಅದಲ್ಲವಾದರೆ ಅದು ಮತ್ತೇನು? ರಥ, ಎಂದಳು ಒಬ್ಬ ಹುಡುಗಿ. ದೊಡ್ಡಾಟದ ರಾಜ ಬರುವ ಹಾಗೆ ಇವನು ಬರುತ್ತಾನೆ, ಹೊಲದಲ್ಲಿದ್ದಾನೆ, ಆದರೆ ಹೊಲದ ಕೆಲಸ ಅವನಿಗೆ ಅಂಟುವುದಿಲ್ಲ. ಮೂವತ್ತು ವರ್ಷ ಪಾಠ ಮಾಡಿದ ನನಗೆ ಅದು ಹೊಳೆದಿರಲಿಲ್ಲ.

ಅಷ್ಟಕ್ಕೇ ನಿಲ್ಲದೆ ಮತ್ತೊಬ್ಬಳು ಎದ್ದು, “ಆಕಿ ಮೋಸ ಮಾಡ್ಯಾಳ ಅಂತ ಹಾಡಿನ ತುಂಬಾ ಹೇಳ್ತಾನ. ಆಕಿನ್ನ ಒಂದ ಮಾತ ಯಾರೂ ಕೇಳಂಗಿಲ್ಲ. ಮದುವಿಗಿ ಆಕಿನ್ನ ಕೇಳಿದ್ರೋ ಇಲ್ಲೋ?” ಎಂದಳು. ಈ ಪ್ರಕಾರದ ಬಹಳಷ್ಟು ಹಾಡುಗಳಲ್ಲಿ ಹುಡುಗಿಗೆ ಮಾತಿಲ್ಲದಿರುವುದೂ ಒಂದು ರೂಢಿಯೇ ಎಂದು ಶಿಕ್ಷಕಿಯವರು ಕಪ್ಪುಹಲಗೆಯ ಮೇಲೆ ಬರೆದರು. ಹದಿನಾಲ್ಕರ ಹುಡುಗಿ ಈ ಪ್ರಶ್ನೆಯನ್ನು ತಾನಾಗಿ ಕೇಳಿದ್ದು ನನಗೆ ಈ ಪಾಠದ ಪೂರ್ಣ ಬೆಲೆ.

ಕಂಡದ್ದಕ್ಕೆಲ್ಲ ಅರ್ಥ ಹಚ್ಚುವ ಚಟ ಮಕ್ಕಳಿಗೆ ಹತ್ತದಂತೆಯೂ ಎಚ್ಚರ ವಹಿಸಲಾಗಿದೆ. ಆಕಾಶದಲ್ಲಿ ಹಾರಿದ ಕಾಗೆ ಅಪಶಕುನ ಎಂದು ಒಬ್ಬ ವಾದಿಸಿದಾಗ, ಅದು ಮತ್ತೆ ಮತ್ತೆ ಬರುತ್ತದೆಯೇ, ಕ್ಯಾಮೆರಾ ಅದರ ಮೇಲೆ ನಿಲ್ಲುತ್ತದೆಯೇ, ಅದನ್ನು ತೆಗೆದರೆ ಕಥೆಗೆ ಏನಾದರೂ ಕಡಿಮೆಯಾಗುತ್ತದೆಯೇ ಎಂದು ಪರೀಕ್ಷಿಸಲು ಹೇಳಿದರು. ಮೂರಕ್ಕೂ ಇಲ್ಲ ಎಂಬ ಉತ್ತರವೇ ಬಂದದ್ದರಿಂದ ಕಾಗೆಯನ್ನು ಹಾರಿಹೋಗಲು ಬಿಟ್ಟರು. ಲಗ್ನಪತ್ರಿಕೆ ಮಾತ್ರ ಮೂರು ಪರೀಕ್ಷೆಗಳಲ್ಲಿಯೂ ಪಾಸಾಯಿತು.

ನಿಮ್ಮ ಉಳಿದ ಅನುಮಾನಗಳಿಗೆ ಚಿಕ್ಕದಾಗಿ ಉತ್ತರಿಸುತ್ತೇನೆ. ತೋರಿಸುವ ವಿಡಿಯೋಗಳನ್ನು ಶಿಕ್ಷಕಿಯವರು ಮತ್ತು ನಾನು ಮೊದಲು ಪೂರ್ತಿ ನೋಡಿರುತ್ತೇವೆ. ಇದಕ್ಕಾಗಿ ಮಕ್ಕಳಿಗೆ ಮೊಬೈಲ್ ಕೊಡಿಸುವುದು ಬೇಡ, ಶಾಲೆಗೆ ತರುವುದಂತೂ ಬೇಡವೇ ಬೇಡ. ಮಕ್ಕಳು ಬರೆಯುವ ಎರಡು ಪುಟಗಳ ವಿಶ್ಲೇಷಣೆಯನ್ನು ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಯಾಗಿ ಪರಿಗಣಿಸಲಾಗುತ್ತದೆ. ಪಠ್ಯದ ಪದ್ಯಗಳಲ್ಲಿ ಸಂಕೇತ ಗುರುತಿಸಲು ತಡವರಿಸುತ್ತಿದ್ದ ಮಕ್ಕಳಿಗೆ ಈಗ ಆ ಕೆಲಸ ಹಗುರಾಗಿರುವುದನ್ನು ನೋಟುಬುಕ್ಕುಗಳಲ್ಲಿ ನೀವೇ ನೋಡಬಹುದು.

ಬರುವ ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಅದೇ ಟ್ರ್ಯಾಕ್ಟರ್ ಹಾಡನ್ನು ಮಕ್ಕಳೇ ನಿಮಗೆ ತೋರಿಸಿ ವಿವರಿಸುತ್ತಾರೆ. ನಾಟಿಯ ಕಾಲವೆಂದು ನನಗೆ ಗೊತ್ತಿದೆ. ಒಬ್ಬರಾದರೂ, ಅದರಲ್ಲೂ ತಾಯಂದಿರು, ಬಂದರೆ ಸಂತೋಷ. ಗದ್ದೆಯಿಂದ ನೇರವಾಗಿ ಬಂದರೂ ನಡೆಯುತ್ತದೆ. ಕಾಲಿನ ಕೆಸರು ತೊಳೆಯಲು ನಲ್ಲಿ ಅಡುಗೆ ಕೋಣೆಯ ಪಕ್ಕದಲ್ಲಿದೆ.

ತಮ್ಮ ವಿಶ್ವಾಸಿ,
ಮುಖ್ಯಗುರುಗಳು
ಸರ್ಕಾರಿ ಪ್ರೌಢಶಾಲೆ, ಗಂಗಾವತಿ ತಾಲ್ಲೂಕು, ಕೊಪ್ಪಳ ಜಿಲ್ಲೆ