ಮೂರು ಸುತ್ತಿಗೇ ಬಿಗಿಯಾದ ರಬ್ಬರ್ ಬ್ಯಾಂಡ್

ತೂಕ ಇಳಿಸಲು ಹೊಟ್ಟೆಗೆ ಮಾಡುವ ಗ್ಯಾಸ್ಟ್ರಿಕ್ ಬೈಪಾಸ್ ಆಪರೇಷನ್ ನನಗೆ ಆಗಿ ಇವತ್ತಿಗೆ ಒಂದೂವರೆ ವರ್ಷ. ಬೆಳಿಗ್ಗೆ ಜುಟ್ಟು ಕಟ್ಟುವಾಗ ರಬ್ಬರ್ ಬ್ಯಾಂಡ್ ಮೂರೇ ಸುತ್ತಿಗೆ ಬಿಗಿಯಾಯಿತು. ಹತ್ತು ತಿಂಗಳ ಹಿಂದೆ ಐದು ಸುತ್ತು ಸುತ್ತಿದರೂ ಜಾರಿ ಬೀಳುತ್ತಿತ್ತು. ಕಣ್ಣು ತುಂಬಿ ಬಂತು. ಅದಕ್ಕೇ ಈ ನಾಲ್ಕು ಮಾತು.

ಕೂದಲು ಉದುರುತ್ತೆ ಅಂತ ಡಾಕ್ಟರ್ ಮೊದಲೇ ಹೇಳಿದ್ದರು. ತೂಕ ಸರಸರ ಇಳಿಯುವಾಗ ಕೂದಲಿನ ಬೇರು ಬೆಳೆಯೋದು ಬಿಟ್ಟು ಸುಮ್ನೆ ಕೂರುತ್ತದೆ, ಮೂರನೇ ತಿಂಗಳ ಹೊತ್ತಿಗೆ ಉದುರಲು ಶುರು, ಕೆಲವು ತಿಂಗಳಲ್ಲಿ ನಿಲ್ಲುತ್ತದೆ ಅಂದಿದ್ದರು. ನನಗೆ ಎಂಟು ತಿಂಗಳಾದರೂ ನಿಲ್ಲಲಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು ಬೇರೆ. "ತೂಕ ಇಳೀತಲ್ಲ, ಕೂದಲು ಹೋದ್ರೆ ಹೋಗ್ಲಿ ಬಿಡು" ಅಂದವರೇ ಜಾಸ್ತಿ. ಆ ಮಾತು ತುಂಬಾ ನೋಯಿಸಿತು.

ಹಾಗೆ ಅನ್ನದವರು ನನ್ನ ಡಯಟಿಶಿಯನ್. "ಯಾವ ಮಾತ್ರೆ ಯಾವ ಹೊತ್ತಿಗೆ ನುಂಗ್ತೀರಿ, ಒಂದೊಂದಾಗಿ ಹೇಳಿ" ಅಂತ ಎದುರು ಕೂತು ಕೇಳಿದರು. ಐರನ್, ಕ್ಯಾಲ್ಸಿಯಂ ಎರಡನ್ನೂ ನಾನು ಒಂದೇ ಗುಟುಕಿಗೆ ನುಂಗುತ್ತಿದ್ದೆ. ಐರನ್ ಹೆಚ್ಚಾಗಿ ಹೀರಿಕೊಳ್ಳುವುದು ಸಣ್ಣ ಕರುಳಿನ ಮೊದಲ ಭಾಗ. ಬೈಪಾಸ್ ಆದಮೇಲೆ ಊಟ ಆ ದಾರಿಗೇ ಹೋಗುವುದಿಲ್ಲ, ಅದರ ಮೇಲೆ ಕ್ಯಾಲ್ಸಿಯಂ ಬೇರೆ ಅಡ್ಡ. ರಕ್ತ ಪರೀಕ್ಷೆ ಮಾಡಿಸಿದರು. ಮೈಯಲ್ಲಿ ಐರನ್ ಎಷ್ಟು ಕೂಡಿದೆ ಅಂತ ತೋರಿಸುವ ಫೆರಿಟಿನ್ ಬರೀ 7, ತುಂಬಾ ಕಡಿಮೆ! ಪ್ರೋಟೀನ್ ದಿನಕ್ಕೆ 60 ಗ್ರಾಂ ಆದರೂ ಬೇಕಿತ್ತು, ಅದರ ಅರ್ಧವೂ ಹೋಗುತ್ತಿರಲಿಲ್ಲ. ಡಾಕ್ಟರ್ ಐರನ್ ಡ್ರಿಪ್ ಹಾಕಿಸಿದರು. ಎರಡು ಮಾತ್ರೆಗಳ ನಡುವೆ ಎರಡು ಗಂಟೆ ಅಂತರ ಇಟ್ಟೆವು. ಕೂದಲಿಗೆ ಅಂತ ನಾನಾಗೇ ತಂದುಕೊಂಡಿದ್ದ ಬಯೋಟಿನ್ ಅನ್ನೋ ವಿಟಮಿನ್ ಡಬ್ಬಿಯನ್ನೂ ಡಯಟಿಶಿಯನ್ ಪಕ್ಕಕ್ಕಿಟ್ಟರು. ಅದರ ಡೋಸ್ ಜಾಸ್ತಿಯಾದರೆ ಥೈರಾಯ್ಡ್ ಪರೀಕ್ಷೆಯ ಫಲಿತಾಂಶವೇ ತಪ್ಪು ಬರಬಹುದಂತೆ. ಮೇಡಂ, ಆ ಒಂದು ಪ್ರಶ್ನೆಗೆ ನಾನು ಎಷ್ಟು ಋಣಿಯೋ ಹೇಳಲಾರೆ.

ಇನ್ನು ನನ್ನ ಅಕ್ಕ. ನಾನು ಸ್ನಾನ ಮುಗಿಸಿ ಬಂದ ಕೂಡಲೇ ಬಚ್ಚಲಿಗೆ ಹೋಗುತ್ತಿದ್ದಳು. ಯಾಕೆ ಅಂತ ತಿಂಗಳುಗಟ್ಟಲೆ ಗೊತ್ತಾಗಲಿಲ್ಲ. ಜಾಲರಿಗೆ ಸುತ್ತಿಕೊಂಡ ನನ್ನ ಕೂದಲನ್ನು ಬೆರಳಲ್ಲಿ ಬಿಡಿಸಿ, ಕಾಗದದಲ್ಲಿ ಮಡಚಿ ಎಸೆಯುತ್ತಿದ್ದಳು. ನನ್ನ ಕಣ್ಣಿಗೆ ಬೀಳಬಾರದು ಅಂತ. ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ.

ಅಕ್ಕಾ, ಈಗ ನನ್ನ ಹಣೆಯಂಚಲ್ಲಿ ಬೆರಳುದ್ದದ ಹೊಸ ಕೂದಲು ಬಂದಿದೆ. ಎಷ್ಟು ಬಾಚಿದರೂ ಕೂರುವುದಿಲ್ಲ, ನೆಟ್ಟಗೆ ನಿಲ್ಲುತ್ತದೆ. ಭಾನುವಾರ ಬಾ, ನೀನೇ ಬಾಚು.